ಇನ್ನೊಬ್ಬರ ಕೈಬರಹದಲ್ಲಿ

ಬೀಗ ಕಚ್ಚಿಕೊಂಡಿದೆ. ಎರಡು ಸಲ ಕೀಲಿ ತಿರುಗಿಸಿದರೂ ಜಪ್ಪಯ್ಯ ಅನ್ನುತ್ತಿಲ್ಲ. ಮೂರನೇ ಸಲ ಬಾಗಿಲಿಗೆ ಭುಜ ಕೊಟ್ಟು ತಿರುಗಿಸುತ್ತೀರಿ. ಕಟಕ್ ಎಂದು ಸೆಮಿನಾರ್ ಹಾಲ್ ತೆರೆದುಕೊಳ್ಳುತ್ತದೆ. ಒಳಗೆ ಕೂಡಿಹಾಕಿದ್ದ ಗಾಳಿ ಮುಖಕ್ಕೆ ಬಡಿಯುತ್ತದೆ. ಫಿನಾಯಿಲ್, ಸೀಮೆಸುಣ್ಣದ ಧೂಳು, ಹೋದ ವಾರದ ಮಳೆಗೆ ನೆನೆದ ಗೋಡೆಯ ಮುಗ್ಗಲು. ಸ್ವಿಚ್ ಒತ್ತುತ್ತೀರಿ. ಐದು ಫ್ಯಾನುಗಳಲ್ಲಿ ಮೂರು ತಿರುಗುತ್ತವೆ, ಒಂದು ಪ್ರತಿ ಸುತ್ತಿಗೂ ಟಿಕ್ ಎನ್ನುತ್ತದೆ.

ಇದು 2024ರ ಆಗಸ್ಟ್, ಶನಿವಾರ, ಮಧ್ಯಾಹ್ನ ಒಂದೂವರೆ. ನೀವು ಬಯಲುಸೀಮೆಯ ಒಂದು ತಾಲ್ಲೂಕು ಕೇಂದ್ರದ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಅರ್ಥಶಾಸ್ತ್ರದ ಮೇಷ್ಟ್ರು. ಎರಡು ವರ್ಷದಿಂದ ಐಕ್ಯೂಎಸಿಯ, ಅಂದರೆ ಆಂತರಿಕ ಗುಣಮಟ್ಟ ಭರವಸೆ ಕೋಶದ ಸಂಚಾಲಕರೂ ಹೌದು. ಕಂಕುಳಲ್ಲಿ ಹಳದಿ ಫೈಲು ಇದೆ. ಅದರೊಳಗೆ ಕಾಲೇಜಿನ ಹಿಂದಿನ ಅಭಿವೃದ್ಧಿ ಯೋಜನೆ. ಆರನೇ ಪುಟದ ಒಂದು ಸಾಲು ನಿಮಗೆ ಬಾಯಿಪಾಠವಾಗಿದೆ: ಸಿಬ್ಬಂದಿಯ ಅಭಿಪ್ರಾಯಗಳನ್ನು ಪಡೆದು ಈ ಯೋಜನೆಯನ್ನು ರೂಪಿಸಲಾಗಿದೆ.

ಬರೆದವರು ನೀವೇ. ರಾತ್ರಿ ಎರಡು ಗಂಟೆಗೆ, ಇನ್ನೊಂದು ಕಾಲೇಜಿನ ಕಡತವನ್ನು ಪಕ್ಕದಲ್ಲಿಟ್ಟುಕೊಂಡು, ಹೆಸರು ಬದಲಿಸುತ್ತಾ ಬರೆದಿರಿ. ಬೆಳಿಗ್ಗೆ ಕಳಿಸಬೇಕಿತ್ತು. ಯಾರನ್ನೂ ಕೇಳಿರಲಿಲ್ಲ. ಆ ಸಾಲು ನೆನಪಾದಾಗಲೆಲ್ಲ ಹೊಟ್ಟೆಯೊಳಗೆ ಏನೋ ಕಿವುಚಿದ ಹಾಗಾಗುತ್ತದೆ. ಈಗಲೂ ಆಗುತ್ತಿದೆ.

ಮತ್ತೊಂದು ಯೋಜನೆ ಬರೆಯುವ ಕಾಲ ಬಂದಿದೆ. ಪ್ರತಿ ಸಂಸ್ಥೆಯೂ ತನ್ನ ಅಭಿವೃದ್ಧಿ ಯೋಜನೆಯನ್ನು ತಾನೇ ರೂಪಿಸಿಕೊಳ್ಳಬೇಕೆಂದು ಯುಜಿಸಿ ಮಾರ್ಗಸೂಚಿ ಹೊರಡಿಸಿದೆ. ಸ್ಟಾಫ್‌ರೂಮಿನಲ್ಲಿ ಎಲ್ಲರೂ ಅದನ್ನು ಐಡಿಪಿ ಎನ್ನುತ್ತಾರೆ. ಕಾಲೇಜಿನ ಮೌಲ್ಯಮಾಪನಕ್ಕೆ ನ್ಯಾಕ್ ತಂಡ ಬಂದರೆ ಏಳು ಮಾನದಂಡಗಳಲ್ಲಿ ಆರನೆಯದು, ಆಡಳಿತ ಮತ್ತು ನಾಯಕತ್ವದ್ದು, ಇದನ್ನೇ ಕೇಳುತ್ತದೆ. ನಿಮ್ಮ ಕಾರ್ಯತಂತ್ರವೇನು, ಅದನ್ನು ಯಾರು ಸೇರಿ ಮಾಡಿದಿರಿ? ಈ ಸಲ ಆ ಸಾಲನ್ನು ನಿಜ ಮಾಡಬೇಕು. ಅದಕ್ಕೇ ಈ ಬೀಗ, ಈ ಹಾಲ್, ಈ ಶನಿವಾರ.

ಕುರ್ಚಿಗಳು ಸಾಲಾಗಿ ವೇದಿಕೆಯತ್ತ ಮುಖ ಮಾಡಿವೆ. ಹಾಗೇ ಬಿಟ್ಟರೆ ಮುಂದಿನ ಸಾಲಿನಲ್ಲಿ ಕಾಯಂ ಅಧ್ಯಾಪಕರು, ಹಿಂದೆ ಅತಿಥಿ ಉಪನ್ಯಾಸಕರು, ಬಾಗಿಲ ಬಳಿ ಆಫೀಸಿನವರು ಕೂರುತ್ತಾರೆ. ಯಾರೂ ಹೇಳಿಕೊಡಬೇಕಿಲ್ಲ. ಮೊದಲ ಕುರ್ಚಿಯ ಬೆನ್ನು ಹಿಡಿದು ಎಳೆಯುತ್ತೀರಿ. ಕಬ್ಬಿಣದ ಕಾಲು ನೆಲವನ್ನು ಗೀರುವ ಸದ್ದಿಗೆ ಹಲ್ಲು ಜುಮ್ಮೆನ್ನುತ್ತದೆ. ಹತ್ತನೇ ಕುರ್ಚಿಗೆ ಅಂಗಿ ಬೆನ್ನಿಗೆ ಅಂಟಿದೆ. ಪೊರಕೆ ಹಿಡಿದು ಬಂದ ಕಸ ಗುಡಿಸುವ ಅಮ್ಮ ಬಾಗಿಲಲ್ಲೇ ನಿಂತು ನೋಡುತ್ತಾರೆ.

"ಏನ್ ಸಾರ್, ಮದುವೆ ಮನೆ ಥರ ಸುತ್ತ ಹಾಕ್ತಿದೀರಾ?"

"ಹೂನಮ್ಮ. ಎಲ್ರೂ ಎಲ್ರ ಮುಖ ನೋಡ್ಲಿ ಅಂತ."

ಅವರು ಪೊರಕೆಯನ್ನು ಗೋಡೆಗೆ ಒರಗಿಸಿ ಇನ್ನೊಂದು ತುದಿಯಿಂದ ಕುರ್ಚಿ ಎಳೆಯಲು ಶುರು ಮಾಡುತ್ತಾರೆ. ನಿಮ್ಮ ಸುತ್ತೋಲೆ ಕಣ್ಣ ಮುಂದೆ ಬರುತ್ತದೆ: ಎಲ್ಲ ಬೋಧಕ ಸಿಬ್ಬಂದಿ ತಪ್ಪದೇ ಹಾಜರಿರತಕ್ಕದ್ದು. ಬೋಧಕ ಸಿಬ್ಬಂದಿ. ಕಾಲೇಜಿನ ಪ್ರತಿ ಕೋಣೆಯ ಮೂಲೆ ಬಲ್ಲ ಈ ಹೆಂಗಸಿನ ಹೆಸರು ಅದರಲ್ಲಿಲ್ಲ. ಗುಮಾಸ್ತರದ್ದಿಲ್ಲ, ಲ್ಯಾಬಿನ ಅಟೆಂಡರದ್ದಿಲ್ಲ. ಗಂಟಲು ಒಣಗುತ್ತದೆ. ಈಗ ಕರೆದರೆ ಕೆಲವರಿಗೆ ಹಿಡಿಸುವುದಿಲ್ಲ. ಕರೆಯದಿದ್ದರೆ ಆರನೇ ಪುಟದ ಸುಳ್ಳು ಅರ್ಧ ಹಾಗೇ ಉಳಿಯುತ್ತದೆ.

"ಅಮ್ಮ, ಮೀಟಿಂಗಿಗೆ ನೀವೂ ಕೂರ್ಬೇಕು. ಆಫೀಸಿನವ್ರಿಗೂ ಹೇಳ್ಬಿಡಿ."

ಅವರ ಕೈ ಕುರ್ಚಿಯ ಮೇಲೆ ನಿಲ್ಲುತ್ತದೆ. "ನಾನಾ ಸಾರ್? ಟೀ ತರೋಕಾ?"

"ಅಲ್ಲ. ಮಾತಾಡೋಕೆ."

ಎರಡು ಗಂಟೆ. ಒಬ್ಬೊಬ್ಬರೇ ಬರುತ್ತಾರೆ. ವೃತ್ತ ಕಂಡು ಬಾಗಿಲಲ್ಲೇ ತಡೆಯುತ್ತಾರೆ, ಎಲ್ಲಿ ಕೂರುವುದು ತಿಳಿಯದೆ. ನೀವು ತಲೆ ಎಣಿಸುತ್ತೀರಿ. ಪ್ರಾಂಶುಪಾಲರೂ ಸೇರಿ ಕಾಯಂ ಅಧ್ಯಾಪಕರು ಹನ್ನೊಂದು ಜನ. ಅತಿಥಿ ಉಪನ್ಯಾಸಕರು ಮೂವತ್ತು. ಬೋಧಕೇತರರು ಏಳು. ಈ ಲೆಕ್ಕ ನಿಮ್ಮ ಕಾಲೇಜಿನ ವಿಚಿತ್ರವಲ್ಲ. ನಾಡಿನ 430 ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳ ಪಾಠವನ್ನು ಹೆಗಲ ಮೇಲೆ ಹೊತ್ತವರು 10,000ಕ್ಕೂ ಹೆಚ್ಚು ಅತಿಥಿಗಳು. ಮನೆಯ ಕೆಲಸವನ್ನೆಲ್ಲ ಮಾಡಿ, ವರ್ಷ ಮುಗಿದ ಮೇಲೆ ಮತ್ತೆ ಅರ್ಜಿ ಹಾಕಿ ಕಾಯಬೇಕಾದ ಅತಿಥಿಗಳು. ಇದೇ ವರ್ಷದ ಜನವರಿಯಲ್ಲಿ ಸೇವೆ ಕಾಯಂ ಮಾಡಿ ಎಂದು ತುಮಕೂರಿನ ಸಿದ್ಧಗಂಗೆಯಿಂದ ಬೆಂಗಳೂರಿಗೆ ಅವರ ಪಾದಯಾತ್ರೆ ಹೊರಟಾಗ ನಿಮ್ಮ ಕಾಲೇಜಿನ ತರಗತಿಗಳು ಖಾಲಿ ಬಿದ್ದಿದ್ದವು. ಹಾಗೆ ನಡೆದು ಹೋದವರಲ್ಲಿ ನಾಲ್ವರು ಈಗ ಈ ವೃತ್ತದಲ್ಲಿದ್ದಾರೆ.

ಪ್ರಾಂಶುಪಾಲರು ಬರುತ್ತಾರೆ. ಎಲ್ಲರೂ ಎದ್ದು ನಿಲ್ಲುತ್ತಾರೆ, ಕುರ್ಚಿಗಳು ಮತ್ತೆ ಕಿರುಗುಡುತ್ತವೆ. ಅವರು ವೇದಿಕೆ ನೋಡುತ್ತಾರೆ, ನಿಮ್ಮನ್ನು ನೋಡುತ್ತಾರೆ. ವೇದಿಕೆಯ ಮೇಲೆ ಕುರ್ಚಿ ಇಲ್ಲ. ಒಂದು ಕ್ಷಣ ನಿಮ್ಮ ಕಿವಿ ಬಿಸಿಯಾಗುತ್ತದೆ. ಅವರು ಏನೂ ಹೇಳದೆ ಹತ್ತಿರದ ಖಾಲಿ ಜಾಗದಲ್ಲಿ ಕೂತುಕೊಳ್ಳುತ್ತಾರೆ.

ನೀವು ಬಿಳಿ ಚೀಟಿ ಹಂಚುತ್ತೀರಿ. ಪ್ರಶ್ನೆ ಮೂರೇ. ಐದು ವರ್ಷದ ಮೇಲೆ ಈ ಕಾಲೇಜು ಹೇಗಿರಬೇಕು? ಅದಕ್ಕೆ ಅಡ್ಡ ಬರುತ್ತಿರುವುದೇನು? ನಾಳೆ ಬೆಳಿಗ್ಗೆಯೇ ಮಾಡಬಹುದಾದದ್ದು ಯಾವುದು? ಹೆಸರು ಬರೆಯಬೇಡಿ, ಎನ್ನುತ್ತೀರಿ.

ಯಾರೂ ಬರೆಯುವುದಿಲ್ಲ.

ಫ್ಯಾನು ಟಿಕ್ ಎನ್ನುತ್ತದೆ. ಯಾರೋ ಪೆನ್ನಿನ ಮುಚ್ಚಳ ತೆಗೆದು ಮತ್ತೆ ಹಾಕುತ್ತಾರೆ. ಎದುರಿನ ವಾಣಿಜ್ಯ ವಿಭಾಗದ ಅತಿಥಿ ಮೇಡಂ ಚೀಟಿಯನ್ನು ಮಡಿಸುತ್ತಿದ್ದಾರೆ, ಬಿಚ್ಚುತ್ತಿದ್ದಾರೆ. ಕಾರಣ ನಿಮಗೆ ಆಗ ಹೊಳೆಯುತ್ತದೆ. ಒಟ್ಟಿಗೆ ಕೂತು ಕಟ್ಟುಗಟ್ಟಲೆ ಇಂಟರ್ನಲ್ ಪೇಪರ್ ತಿದ್ದಿದವರು ಇವರೆಲ್ಲ. ಯಾರ ಒತ್ತು ಹೇಗೆ, ಯಾರ ಕೊಂಬು ಹೇಗೆ ಬಾಗುತ್ತದೆ ಎಂದು ಎಲ್ಲರಿಗೂ ಗೊತ್ತು. ಹೆಸರಿಲ್ಲದ ಚೀಟಿ ಇಲ್ಲಿ ಇಲ್ಲವೇ ಇಲ್ಲ. ಕೈಬರಹವೇ ಹೆಸರು.

ಅಂಗೈ ಬೆವೆತಿದೆ. ಚೀಟಿ ವಾಪಸ್ ತೆಗೆದುಕೊಂಡು ಎಲ್ಲರಿಗೂ ನಮಸ್ಕಾರ ಹೇಳಿಬಿಡಬಹುದು. ಹಾಜರಾತಿಗೆ ಸಹಿ ಹಾಕಿಸಿದರೆ ಕಡತಕ್ಕೆ ಅಷ್ಟು ಸಾಕು. ಇಲ್ಲವೇ ಇನ್ನೊಂದು ದಾರಿ ಹುಡುಕಬೇಕು, ಈಗಲೇ, ನಲವತ್ತೇಳು ಜೊತೆ ಕಣ್ಣು ನಿಮ್ಮ ಮೇಲಿರುವಾಗಲೇ.

"ಒಂದ್ ನಿಮಿಷ," ಎನ್ನುತ್ತೀರಿ. ದನಿ ಸ್ವಲ್ಪ ಒಡೆಯುತ್ತದೆ. "ನಿಮ್ಮ ಮಾತನ್ನ ನೀವು ಬರೀಬೇಡಿ. ಒಂದರಿಂದ ಇಪ್ಪತ್ನಾಲ್ಕರವರೆಗೆ ಎರಡು ಸುತ್ತು ಎಣಿಸೋಣ. ಒಂದೇ ಸಂಖ್ಯೆ ಬಂದವರು ಜೊತೆಗೆ ಕೂತ್ಕೊಳ್ಳಿ. ನೀವು ಹೇಳಿ, ಅವರು ಬರೀಲಿ. ಅವರು ಹೇಳಲಿ, ನೀವು ಬರೀರಿ. ಹೇಳಿದ್ದನ್ನ ಹೇಳಿದ ಹಾಗೇ."

ಎಣಿಕೆ ಶುರುವಾಗುತ್ತದೆ. ಒಂದು, ಎರಡು, ಮೂರು. ಎಂದೂ ಪಕ್ಕಪಕ್ಕ ಕೂರದವರು ಕುರ್ಚಿ ಹಿಡಿದು ಒಬ್ಬರನ್ನೊಬ್ಬರು ಹುಡುಕುತ್ತಾರೆ. ಕನ್ನಡ ವಿಭಾಗದ ಮೇಡಂ ಜೊತೆ ಆಫೀಸಿನ ಎಫ್‌ಡಿಎ. ಭೌತಶಾಸ್ತ್ರದವರ ಜೊತೆ ಲೈಬ್ರರಿಯನ್. ಇಂಗ್ಲಿಷಿನ ಹಿರಿಯ ಮೇಷ್ಟ್ರ ಎದುರು ಸೆರಗು ಸರಿಮಾಡಿಕೊಳ್ಳುತ್ತಾ ಕಸ ಗುಡಿಸುವ ಅಮ್ಮ. ಪ್ರಾಂಶುಪಾಲರ ಸಂಖ್ಯೆ ಹದಿನೇಳು. ಇನ್ನೊಂದು ಹದಿನೇಳು ಇತಿಹಾಸದ ಅತಿಥಿ ಉಪನ್ಯಾಸಕರದ್ದು. ಅವರು ಕುರ್ಚಿಯ ತುದಿಯಲ್ಲಿ, ಎದ್ದೋಡಲು ಸಿದ್ಧರಾದವರಂತೆ ಕೂರುತ್ತಾರೆ.

ಮೊದಲು ಪಿಸುಮಾತು. ಆಮೇಲೆ ಗುಜುಗುಜು. ಹತ್ತು ನಿಮಿಷಕ್ಕೆ ಹಾಲ್‌ನ ಸದ್ದೇ ಬದಲಾಗಿದೆ, ಸಂತೆಯ ಮಧ್ಯೆ ನಿಂತ ಹಾಗೆ. ಇನ್ನೊಬ್ಬರ ಮಾತು ಬರೆಯಬೇಕಾದರೆ ಅದನ್ನು ಕೇಳಲೇಬೇಕು. ನಡುವೆ ಬಾಯಿ ಹಾಕಲು ಕೈಗೆ ಬಿಡುವಿಲ್ಲ. ಮಾತಿನ ಚೂರುಗಳು ನಿಮ್ಮ ಕಿವಿಗೂ ಬೀಳುತ್ತವೆ. "ಮೂರು ವರ್ಷದಲ್ಲಿ ಎರಡು ಸಲ ಸಿಲೆಬಸ್ ಬದಲಾಯ್ತು, ಪಾಠ ಮಾಡೋ ನನ್ನನ್ನ ಒಬ್ರೂ ಕೇಳ್ಲಿಲ್ಲ." ಇದು ಯಾರ ಮಾತೆಂದು ಬಿಡಿಸಿ ಹೇಳಲಾರಿರಿ, ಅದು ಎಲ್ಲರದ್ದೂ. 2021ರ ಆಗಸ್ಟಿನಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿ ಜಾರಿಗೆ ತಂದ ಮೊದಲ ರಾಜ್ಯ ಕರ್ನಾಟಕ. ರಾಜ್ಯದ್ದೇ ನೀತಿ ರೂಪಿಸಲು 2023ರಲ್ಲಿ ಸುಖದೇವ್ ಥೋರಟ್ ಅಧ್ಯಕ್ಷತೆಯ ಆಯೋಗ ಬಂತು. ಅದರ ಮಧ್ಯಂತರ ವರದಿಯ ಮೇಲೆ 2024ರ ಮೇ ತಿಂಗಳಲ್ಲಿ ಆದೇಶವಾಗಿ ನಾಲ್ಕು ವರ್ಷದ ಪದವಿ ಮತ್ತೆ ಮೂರು ವರ್ಷಕ್ಕೆ ಮರಳಿತು. ಈಗ ಇದೇ ಕಟ್ಟಡದಲ್ಲಿ ಮೊದಲ ವರ್ಷದವರಿಗೆ ಒಂದು ಪಠ್ಯಕ್ರಮ, ಮೇಲಿನ ಎರಡು ವರ್ಷದವರಿಗೆ ಇನ್ನೊಂದು. ವೇಳಾಪಟ್ಟಿ ಹಾಕುವಾಗ ನಿಮಗೇ ಎರಡು ರಾತ್ರಿ ನಿದ್ದೆ ಇರಲಿಲ್ಲ.

ಮೇಲಿನವರು ನಮ್ಮನ್ನು ಕೇಳಲಿಲ್ಲ ಎಂದು ನೀವೂ ಗೊಣಗಿದ್ದೀರಿ. ನಿಮ್ಮ ಪಕ್ಕದಲ್ಲಿ ಇರುವವರನ್ನು ನೀವು ಕೇಳಿದ್ದಿರಾ? ಹಳದಿ ಫೈಲು ಮಡಿಲಲ್ಲಿ ಭಾರವಾಗುತ್ತದೆ.

ಚೀಟಿಗಳು ರಟ್ಟಿನ ಡಬ್ಬಿ ಸೇರುತ್ತವೆ. ನೀವು ಕಪ್ಪುಹಲಗೆಯ ಮೇಲೆ ಉದ್ದಕ್ಕೆ ಗೆರೆ ಎಳೆದು ಮೂರು ಅಂಕಣ ಮಾಡುತ್ತೀರಿ. ನಮ್ಮ ಕೈಯಲ್ಲಿರುವುದು. ನಾವು ಕೂತು ತೀರ್ಮಾನಿಸಬೇಕಾದದ್ದು. ನಾವು ಮೇಲಕ್ಕೆ ಬರೆದು ಕೇಳಬೇಕಾದದ್ದು. ಡಬ್ಬಿಯೊಳಗೆ ಕೈ ಹಾಕಿ ಒಂದೊಂದೇ ತೆಗೆದು ಓದುತ್ತೀರಿ.

ಎಂ.ಕಾಂ. ಬೇಕು, ಇಲ್ಲದಿದ್ದರೆ ಬಿ.ಕಾಂ. ಮುಗಿಸಿದ ಹೆಣ್ಣುಮಕ್ಕಳ ಓದು ಇಲ್ಲಿಗೇ ನಿಲ್ಲುತ್ತದೆ. ಐಚ್ಛಿಕ ಕನ್ನಡಕ್ಕೆ ಆರೇ ಜನ ಇದ್ದಾರೆಂದು ಮುಚ್ಚಬೇಡಿ, ಆ ಆರು ಜನ ಎಲ್ಲಿಗೆ ಹೋಗಬೇಕು? ಯುಯುಸಿಎಂಎಸ್ ಪೋರ್ಟಲಿನಲ್ಲಿ ಅಂಕ ತುಂಬುವ ದಿನ ನೆಟ್‌ವರ್ಕ್ ಸಿಗದೆ ರಾತ್ರಿಯೆಲ್ಲ ಕೂರುತ್ತೇವೆ. ಎರಡನೇ ಅಂಕಣ ತುಂಬುತ್ತಾ ಹೋಗುತ್ತದೆ. ಎಂ.ಕಾಂ. ತರಬೇಕೆಂದರೆ ಕೋಣೆ ಬೇಕು. ಕೋಣೆ ಸಿಗುವುದು ಕಲಾ ವಿಭಾಗದ ಚಿಕ್ಕ ತರಗತಿಗಳನ್ನು ಒಟ್ಟು ಮಾಡಿದರೆ ಮಾತ್ರ. ಕನ್ನಡದ ಮೇಡಂ ಮುಖ ಕೆಂಪಾಗುತ್ತದೆ, ವಾಣಿಜ್ಯದವರು ತಲೆ ತಗ್ಗಿಸುತ್ತಾರೆ. ಇಬ್ಬರ ಮಾತೂ ನ್ಯಾಯವೇ. ಎರಡನ್ನೂ ಅಕ್ಕಪಕ್ಕ ಬರೆದು, ಯಾವುದನ್ನೂ ಹೊಡೆದುಹಾಕದೆ, ಮುಂದಕ್ಕೆ ಹೋಗುತ್ತೀರಿ. ಸೀಮೆಸುಣ್ಣ ಹಿಡಿದ ಬೆರಳು ನೋಯುತ್ತಿದೆ.

ಮುಂದಿನ ಚೀಟಿಯಲ್ಲಿ ಕನ್ನಡ ಅಕ್ಷರಗಳು ಸೊಟ್ಟಗಿವೆ. ಇಂಗ್ಲಿಷಿನ ಮೇಷ್ಟ್ರು ಬಹಳ ಕಾಲದ ಮೇಲೆ ಕನ್ನಡ ಬರೆದಿದ್ದಾರೆ. ಓದುತ್ತೀರಿ.

"ಹನ್ನೊಂದು ಗಂಟೆಗೆ ಟ್ಯಾಂಕ್ ಖಾಲಿ. ಹೆಣ್ಮಕ್ಳ ಪಾಯಿಖಾನೆಗೆ ನೀರಿರಲ್ಲ. ಅದಕ್ಕೇ ಅವು ಬೆಳಿಗ್ಗೆಯಿಂದ ನೀರೇ ಕುಡಿಯಲ್ಲ. ಹೋದ ತಿಂಗಳು ಇಬ್ರು ತಲೆ ಸುತ್ತಿ ಬಿದ್ರು. ನಾಲ್ಕು ಗಂಟೆ ಮೇಲೆ ಕ್ಲಾಸ್ ಇಡಬೇಡಿ. ನಾಲ್ಕೂ ಹತ್ತರ ಬಸ್ಸು ಬಿಟ್ರೆ ನಮ್ಮೂರ ಕಡೆಗೆ ಏಳು ಗಂಟೆಗೇ."

ಸದ್ದಡಗುತ್ತದೆ. ಸಂಜೆ ನಾಲ್ಕರಿಂದ ಐದೂವರೆಯವರೆಗೆ ಕೌಶಲ ತರಬೇತಿ ಎಂಬುದು ನಿಮ್ಮ ಹೊಸ ಕರಡಿನ ಹೆಮ್ಮೆ. ಅರ್ಜಿ ಹಾಕಿದ ಹುಡುಗಿಯರು ಎರಡನೇ ವಾರಕ್ಕೆ ಯಾಕೆ ಕಾಣೆಯಾಗುತ್ತಾರೆ ಎಂಬ ಪ್ರಶ್ನೆಗೆ ಆಸಕ್ತಿಯ ಕೊರತೆ ಎಂದು ಬರೆದವರು ನೀವು. 2023ರ ಜೂನಿನಲ್ಲಿ ಮಹಿಳೆಯರಿಗೆ ಉಚಿತ ಬಸ್ ಪ್ರಯಾಣದ ಶಕ್ತಿ ಯೋಜನೆ ಬಂದ ಮೇಲೆ ದೂರದ ಹಳ್ಳಿಗಳ ಹುಡುಗಿಯರೂ ಈ ಬಾಗಿಲಿಗೆ ಬಂದರು, ಟಿಕೆಟ್ಟಿನ ಚಿಂತೆ ತಪ್ಪಿತು. ಬಸ್ಸಿನ ವೇಳೆ ಮಾತ್ರ ಬದಲಾಗಲಿಲ್ಲ. ಈ ಅಮ್ಮ ದಿನಾ ಅದೇ ಬಸ್ಸಿನಲ್ಲಿ ಅವರ ಜೊತೆಗೇ ನಿಂತು ಹೋಗುತ್ತಾರೆ. ಸಮೀಕ್ಷೆಗೆ ಸಿಗದ ಉತ್ತರ ಅವರ ಬಳಿ ಇತ್ತು. ಕೇಳಿದವರಿರಲಿಲ್ಲ.

"ಸ್ವಿಚ್ ಎಲ್ಲಿದೆ ಅಮ್ಮ, ಮೋಟಾರಿಂದು?"

"ನನ್ ಕೈಲೇ ಕೊಡ್ತಾರೆ ಸಾರ್ ಕೀಲಿ. ಬೆಳಿಗ್ಗೆ ಒಂದ್ಸಲ ಹಾಕು ಅಂತ ಆರ್ಡರ್. ಎರಡ್ಸಲ ಹಾಕು ಅಂತ ಯಾರೂ ಹೇಳಿಲ್ಲ."

ಮೊದಲ ಅಂಕಣ. ನಮ್ಮ ಕೈಯಲ್ಲಿರುವುದು. ಬರೆಯುವಾಗ ಸೀಮೆಸುಣ್ಣ ಮುರಿದು ಬೀಳುತ್ತದೆ.

ಡಬ್ಬಿಯಲ್ಲಿ ಇನ್ನು ಕೆಲವೇ ಉಳಿದಿವೆ. ಒಂದನ್ನು ಬಿಚ್ಚುತ್ತೀರಿ, ಕಣ್ಣು ಮೊದಲ ಸಾಲಿನ ಮೇಲೆ ಓಡುತ್ತದೆ, ಉಸಿರು ಅಲ್ಲೇ ನಿಲ್ಲುತ್ತದೆ. ಈ ಕೈಬರಹ ನಿಮಗೆ ಗೊತ್ತು. ಪ್ರತಿ ರಜೆ ಅರ್ಜಿಯ ಅಂಚಿನಲ್ಲಿ, ಪ್ರತಿ ಸುತ್ತೋಲೆಯ ಕೆಳಗೆ ನೋಡಿದ್ದೀರಿ. ಪ್ರಾಂಶುಪಾಲರದ್ದು. ಮಾತು ಅವರದ್ದಲ್ಲ.

ತಲೆ ಎತ್ತುತ್ತೀರಿ. ಅವರು ನೆಲ ನೋಡುತ್ತಿದ್ದಾರೆ. ಅವರ ಎದುರಿನ ಇತಿಹಾಸದ ಅತಿಥಿಯ ಎರಡೂ ಕೈ ಮೊಣಕಾಲ ಮೇಲೆ ಬಿಗಿದಿವೆ, ಗೆಣ್ಣುಗಳು ಬೆಳ್ಳಗಾಗಿವೆ.

ಓದಬೇಕೆ? ಹೆಬ್ಬೆರಳಿನಿಂದ ಮಡಿಸಿ ಓದಿದ ಚೀಟಿಗಳ ಕೆಳಗೆ ಸರಿಸಿದರೆ ಯಾರಿಗೂ ತಿಳಿಯುವುದಿಲ್ಲ. ಇಬ್ಬರಿಗೆ ಮಾತ್ರ ತಿಳಿಯುತ್ತದೆ. ಅಲ್ಲ, ಮೂವರಿಗೆ. ಓದಿದರೆ ಪ್ರಾಂಶುಪಾಲರಿಗೆ ಸಿಟ್ಟು ಬರಬಹುದು. ಆ ಸಿಟ್ಟು ನಿಮ್ಮ ಮೇಲೆ ಇಳಿದರೆ ತಡೆಯಬಹುದು, ಆ ಅತಿಥಿಯ ಮೇಲೆ ಇಳಿದರೆ? ಕುತ್ತಿಗೆಯ ನಾಡಿ ಹೊಡೆದುಕೊಳ್ಳುತ್ತಿದೆ. ಫ್ಯಾನು ಟಿಕ್. ಎಲ್ಲರೂ ಕಾಯುತ್ತಿದ್ದಾರೆ. ಇತಿಹಾಸದ ಮೇಷ್ಟ್ರ ಕಡೆ ನೋಡುತ್ತೀರಿ. ಅವರು ಕಣ್ಣೆತ್ತುತ್ತಾರೆ. ತಲೆ ಸಣ್ಣಗೆ, ಕಂಡೂ ಕಾಣದಷ್ಟು, ಅಲ್ಲಾಡುತ್ತದೆ. ಹೂಂ.

ಓದುತ್ತೀರಿ.

"ಐದು ವರ್ಷದ ಮೇಲೆ ಕಾಲೇಜು ಹೇಗಿರಬೇಕು ಅಂತ ಕೇಳ್ತೀರಿ. ಈ ವರ್ಷದ ಪಾಠ ಮುಗಿದ ಮೇಲೆ ನಾನು ಎಲ್ಲಿರ್ತೀನಿ ಅಂತ ನನಗೆ ಗೊತ್ತಿಲ್ಲ. ಹದಿನಾಲ್ಕು ವರ್ಷ ಇಲ್ಲೇ ಪಾಠ ಮಾಡಿದೀನಿ. ನನ್ನ ಹತ್ರ ಓದಿದೋರು ಈಗ ಹೈಸ್ಕೂಲಲ್ಲಿ ಮೇಷ್ಟ್ರಾಗಿದಾರೆ. ಸ್ಟಾಫ್‌ರೂಮಲ್ಲಿ ನನಗೆ ಒಂದು ಡ್ರಾಯರ್ ಇಲ್ಲ. ಪುಸ್ತಕ ದಿನಾ ಬ್ಯಾಗಲ್ಲಿ ಹೊತ್ಕೊಂಡು ಬರ್ತೀನಿ, ಹೊತ್ಕೊಂಡು ಹೋಗ್ತೀನಿ."

ಚೀಟಿ ಕೆಳಗಿಳಿಸುವಾಗ ನಿಮ್ಮ ಕೈ ನಡುಗುತ್ತಿದೆ. ಯಾರೂ ಮಾತಾಡುವುದಿಲ್ಲ. ಸುತ್ತ ಕಣ್ಣಾಡಿಸಿದರೆ ಮೂವತ್ತು ಕುರ್ಚಿಗಳ ಪಕ್ಕ ಮೂವತ್ತು ಬ್ಯಾಗು. ಹನ್ನೊಂದು ಕುರ್ಚಿಗಳ ಪಕ್ಕ ಏನೂ ಇಲ್ಲ. ವರ್ಷಗಟ್ಟಲೆ ನೋಡಿದ್ದೀರಿ. ಇವತ್ತು ಕಾಣಿಸಿತು.

ಸಂಜೆ ಐದಕ್ಕೆ ಪ್ರಾಂಶುಪಾಲರ ಕೋಣೆ. ಕಿಟಕಿಯಾಚೆ ಮೋಡ ಕಟ್ಟಿ ಬೆಳಕು ಕಂದಿದೆ. ಮೇಜಿನ ಮೇಲೆ ಆರಿದ ಟೀ, ಕೆನೆ ಕಟ್ಟಿದೆ. ನೀವು ಅಂಕಣಗಳನ್ನು ಕಾಗದಕ್ಕೆ ಇಳಿಸಿ ಅವರ ಮುಂದಿಟ್ಟಿದ್ದೀರಿ. ಅವರು ಓದುತ್ತಾ ಬಂದು ಮೂರನೇ ಅಂಕಣದಲ್ಲಿ ಬೆರಳು ನಿಲ್ಲಿಸುತ್ತಾರೆ.

"ಇದು ಹೋಗ್ಲೇಬೇಕಾ ರಿಪೋರ್ಟಲ್ಲಿ? ನ್ಯಾಕ್‌ನವರು ಓದ್ತಾರೆ. ಇಲಾಖೆಯವರು ಓದ್ತಾರೆ. ಕಾಯಂ ಮಾಡೋದು ನನ್ನ ಕೈಲಿದೆಯೇನ್ರಿ?"

ಅವರ ದನಿಯಲ್ಲಿ ಸಿಟ್ಟಿಲ್ಲ, ದಣಿವಿದೆ. ಅವರ ಮಾತೂ ಸುಳ್ಳಲ್ಲ. ಹುದ್ದೆ ಮಂಜೂರು ಮಾಡುವುದು ಸರ್ಕಾರ. ಹೂಂ ಸಾರ್ ಎಂದು ಒಂದು ಸಾಲು ತೆಗೆದರೆ ಎಲ್ಲರಿಗೂ ನೆಮ್ಮದಿ. ನಾಲಿಗೆಯ ತುದಿಗೆ ಆ ಮಾತು ಬಂದೂ ಇದೆ. ಜೇಬಿಗೆ ಕೈ ಹಾಕುತ್ತೀರಿ. ಚೀಟಿ ತೆಗೆದು, ಬಿಡಿಸಿ, ಕಾಗದದ ಮೇಲೆ ಇಡುತ್ತೀರಿ. ಮಾತಾಡುವುದಿಲ್ಲ. ಮಾತಾಡಿದರೆ ಕೆಡುತ್ತದೆ.

ಅವರು ತಮ್ಮದೇ ಕೈಬರಹ ನೋಡುತ್ತಾರೆ. ಗೋಡೆಯ ಗಡಿಯಾರದ ಸದ್ದು ಕೇಳುತ್ತದೆ. ಮಳೆಯ ಮೊದಲ ಹನಿಗಳು ಶೀಟಿನ ಮೇಲೆ ಬೀಳುತ್ತವೆ.

"ಹೇಳಿದ್ದನ್ನ ಹೇಳಿದ ಹಾಗೇ ಬರೀರಿ ಅಂದ್ರಿ," ಎನ್ನುತ್ತಾರೆ ಕೊನೆಗೆ, ಮೆಲ್ಲಗೆ. "ಡ್ರಾಯರ್ ವಿಷಯ ಬರೆಯುವಾಗ ನನಗೆ ಕೈ ಓಡ್ಲಿಲ್ಲ. ಇರ್ಲಿ ಬಿಡಿ. ಆಯುಕ್ತರಿಗೆ ಒಂದು ಪತ್ರ ಸಿದ್ಧ ಮಾಡಿ, ಸೋಮವಾರ ಸಹಿ ಹಾಕ್ತೀನಿ. ಡ್ರಾಯರ್ ಮಾತ್ರ ಮೂರನೇ ಅಂಕಣದಲ್ಲಿ ಬೇಡ. ಮೊದಲನೇದಕ್ಕೆ ತನ್ನಿ."

ಆ ರಾತ್ರಿ ಆರನೇ ಪುಟ ತೆರೆದು ಹಳೆಯ ಸಾಲನ್ನು ಅಳಿಸುತ್ತೀರಿ. ಅದರ ಜಾಗದಲ್ಲಿ ಹೊಸದಾಗಿ ಬರೆಯುತ್ತೀರಿ: ಕೇಳಿದ್ದು ಯಾರನ್ನು, ಅವರು ಹೇಳಿದ್ದು ಏನು, ಅದರಲ್ಲಿ ಒಪ್ಪಿದ್ದು ಯಾವುದು, ಒಪ್ಪಲಾಗದ್ದು ಯಾವುದು, ಯಾಕೆ. ಒಂದು ಸಾಲಿದ್ದದ್ದು ಎರಡು ಪುಟವಾಗುತ್ತದೆ. ಎಂ.ಕಾಂ. ಮತ್ತು ಐಚ್ಛಿಕ ಕನ್ನಡದ ಜಗಳ ಬಗೆಹರಿದಿಲ್ಲ ಎಂದೇ ಬರೆಯುತ್ತೀರಿ. ಕೌಶಲ ತರಬೇತಿಯನ್ನು ಬೆಳಗಿನ ವೇಳೆಗೆ ತರುತ್ತೀರಿ. ಮುಂದೆ ಸೇರುವ ದಿನಾಂಕ ಹಾಕುತ್ತೀರಿ, ಕೇಳಿಸಿಕೊಂಡವರು ಉತ್ತರ ಕೊಡಲು ಮರಳಿ ಬರಬೇಕಲ್ಲ.

ಸೋಮವಾರ. ಎಂಟೂವರೆಗೇ ಸ್ಟಾಫ್‌ರೂಮಿಗೆ ಬಂದು ನಿಮ್ಮ ಎರಡು ಡ್ರಾಯರುಗಳಲ್ಲಿ ಒಂದನ್ನು ಖಾಲಿ ಮಾಡುತ್ತೀರಿ. ಹಳೆಯ ಇಂಟರ್ನಲ್ ಪೇಪರಿನ ಕಟ್ಟು, ಒಣಗಿದ ಪೆನ್ನು, ಹಿಂದಿನ ಯೋಜನೆಯ ಮೂರು ಪ್ರತಿ. ಧೂಳಿಗೆ ಸೀನು ಬರುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿ ಕೀಲಿಯನ್ನು ಅದರಲ್ಲೇ ಬಿಡುತ್ತೀರಿ. ಮೂರು ಅಂಕಣಗಳ ಪಟ್ಟಿಯನ್ನು ನೋಟಿಸ್ ಬೋರ್ಡಿಗೆ ಚುಚ್ಚುತ್ತೀರಿ.

ಹನ್ನೊಂದಕ್ಕೆ ಸ್ವಲ್ಪ ಮುಂಚೆ ಇತಿಹಾಸದ ಮೇಷ್ಟ್ರು ಬೋರ್ಡಿನ ಮುಂದೆ ನಿಂತಿದ್ದಾರೆ, ಬ್ಯಾಗು ಹೆಗಲಲ್ಲೇ ಇದೆ. ನೀವು ಹತ್ತು ಹೆಜ್ಜೆ ದೂರದಲ್ಲಿದ್ದೀರಿ. ಅವರ ಬೆರಳು ಮೂರನೇ ಅಂಕಣದಲ್ಲಿ ಇಳಿಯುತ್ತಾ ಹೋಗಿ ಒಂದು ಸಾಲಿನ ಪಕ್ಕ ನಿಲ್ಲುತ್ತದೆ. ಅಲ್ಲಿ ಪ್ರಾಂಶುಪಾಲರ ಕೈಬರಹ: ಆಯುಕ್ತರಿಗೆ ಬರೆಯಲಾಗಿದೆ. ಕೆಳಗೆ ಇವತ್ತಿನ ದಿನಾಂಕ. ಪತ್ರಕ್ಕೆ ಉತ್ತರ ಬರುವುದೋ ಇಲ್ಲವೋ, ಅದು ನಿಮ್ಮ ಕೈಯಲ್ಲೂ ಇಲ್ಲ, ಅವರ ಕೈಯಲ್ಲೂ ಇಲ್ಲ. ಅವರು ಏನೂ ಹೇಳದೆ ಸ್ಟಾಫ್‌ರೂಮಿನತ್ತ ತಿರುಗುತ್ತಾರೆ.

ಕಟ್ಟಡದ ಹಿಂದಿನಿಂದ ಗುಂಯ್ ಎಂಬ ಸದ್ದು ಶುರುವಾಗುತ್ತದೆ. ಮೋಟಾರು. ಗೋಡೆಯೊಳಗಿನ ಪೈಪಿನಲ್ಲಿ ನೀರು ಏರುವುದು ಅಂಗೈ ಇಟ್ಟರೆ ತಿಳಿಯುತ್ತದೆ. ನೀವು ಇಡುತ್ತೀರಿ.

ಗಂಟೆ ಹೊಡೆಯುತ್ತದೆ. ಇತಿಹಾಸದ ಮೇಷ್ಟ್ರು ಸ್ಟಾಫ್‌ರೂಮಿನಿಂದ ಹೊರಬಂದು ತರಗತಿಯತ್ತ ನಡೆಯುತ್ತಾರೆ. ಕೈಯಲ್ಲಿ ಒಂದೇ ಒಂದು ಪುಸ್ತಕ.